ಉತ್ತರ ಮ್ಯಾಸಿಡೋನಿಯಾ: ಒಂದು ಹೆಸರಿಗೆ 27 ವರ್ಷ

ಗ್ರೀಸಿನ ನೆತ್ತಿಯ ಮೇಲೆ ಕೂತ ಪುಟ್ಟ ದೇಶವೊಂದಕ್ಕೆ ಹಳೆಯ ಭೂಪಟಗಳಲ್ಲಿ ‘ಮ್ಯಾಸಿಡೋನಿಯಾ’ ಎಂದಿರುತ್ತದೆ, ಕೆಲವದರಲ್ಲಿ ‘ಎಫ್‌ವೈಆರ್‌ಒಎಂ’ ಎಂಬ ಅಕ್ಷರಗಳ ಗೊಂಚಲು. ಈಗಿನವುಗಳಲ್ಲಿ ‘ಉತ್ತರ ಮ್ಯಾಸಿಡೋನಿಯಾ’. ಮೂರೂ ಒಂದೇ ದೇಶ.

ವಿಸ್ತೀರ್ಣ ಸುಮಾರು 25,700 ಚದರ ಕಿ.ಮೀ. 2021ರ ಜನಗಣತಿಯಂತೆ ಜನಸಂಖ್ಯೆ 18.36 ಲಕ್ಷ. ಸಮುದ್ರವಿಲ್ಲ, ಸುತ್ತ ಕೊಸೊವೊ, ಸೆರ್ಬಿಯಾ, ಬಲ್ಗೇರಿಯಾ, ಗ್ರೀಸ್, ಅಲ್ಬೇನಿಯಾ. ರಾಜಧಾನಿ ಸ್ಕೋಪಿಯೆ ನಮ್ಮ ಮದರ್ ತೆರೇಸಾ ಹುಟ್ಟಿದ ಊರು. ಆ ಊರಿನ ನಡುವೆ ಹರಿಯುವ ವಾರ್ದಾರ್ ನದಿ ದಕ್ಷಿಣಕ್ಕಿಳಿದು ಗ್ರೀಸಿಗೆ ಹೋಗುತ್ತದೆ. ಅದು ಹೊಕ್ಕುವ ಗ್ರೀಕ್ ಪ್ರಾಂತ್ಯದ ಹೆಸರೂ ಮ್ಯಾಸಿಡೋನಿಯಾ. ತಕರಾರಿನ ಬೇರು ಇಲ್ಲಿದೆ.

ಒಟ್ಟೋಮನ್ನರ ಕೈಯಲ್ಲಿದ್ದ ಈ ಸೀಮೆಯನ್ನು 1912-13ರ ಬಾಲ್ಕನ್ ಯುದ್ಧಗಳ ನಂತರ ಗ್ರೀಸ್, ಸೆರ್ಬಿಯಾ, ಬಲ್ಗೇರಿಯಾ ಹಂಚಿಕೊಂಡವು. ಸೆರ್ಬಿಯಾದ ಪಾಲು ಮುಂದೆ ಯುಗೊಸ್ಲಾವಿಯಾದ ಒಂದು ಗಣರಾಜ್ಯವಾಗಿ, 1991ರಲ್ಲಿ ಸ್ವತಂತ್ರವಾಯಿತು.

ಜಗಳ ಶುರುವಾದದ್ದು ಆಗ. ಮ್ಯಾಸಿಡೋನಿಯಾ ಅಂದರೆ ಅಲೆಕ್ಸಾಂಡರನ ನೆಲ, ತಮ್ಮ ಪರಂಪರೆ ಎಂಬುದು ಗ್ರೀಕರ ಮಾತು. ಹೆಸರಿನ ಬೆನ್ನಿಗೆ ನಾಳೆ ನೆಲದ ಮೇಲೂ ಹಕ್ಕು ಸಾಧಿಸಿದರೆ ಎಂಬ ಅಳುಕೂ ಇತ್ತು. ಹುಟ್ಟಿದಾಗಿನಿಂದ ತಮ್ಮನ್ನು ಮ್ಯಾಸಿಡೋನಿಯನ್ನರೆಂದೇ ಕರೆದುಕೊಂಡವರಿಗೆ ಬೇರೆ ಹೆಸರು ಎಲ್ಲಿಂದ ತರುವುದು?

1993ರಲ್ಲಿ ವಿಶ್ವಸಂಸ್ಥೆ ಒಂದು ತಾತ್ಕಾಲಿಕ ದಾರಿ ಹುಡುಕಿತು: ‘ಹಿಂದಿನ ಯುಗೊಸ್ಲಾವ್ ಗಣರಾಜ್ಯ ಮ್ಯಾಸಿಡೋನಿಯಾ’. ಇದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳೇ ಎಫ್‌ವೈಆರ್‌ಒಎಂ. ಇಂಗ್ಲಿಷ್ ವರ್ಣಮಾಲೆಯಲ್ಲಿ ಇದನ್ನು ‘ದಿ’ ಎಂಬ ಪದದಿಂದ ಲೆಕ್ಕ ಹಾಕಿ ಪ್ರತಿನಿಧಿಯನ್ನು ಥಾಯ್ಲೆಂಡಿನ ಪಕ್ಕ ಕೂರಿಸಲಾಯಿತು. ತಾತ್ಕಾಲಿಕವೆಂದ ಏರ್ಪಾಡು ಕಾಲು ಶತಮಾನ ಎಳೆಯಿತು. 1994ರ ಫೆಬ್ರವರಿಯಲ್ಲಿ ಗ್ರೀಸ್ ದಿಗ್ಬಂಧನ ಹೇರಿತು. ಗ್ರೀಸಿನ ಥೆಸಲೋನಿಕಿ ಬಂದರೇ ಆಸರೆಯಾಗಿದ್ದ ದೇಶಕ್ಕೆ ಅದು ಉಸಿರು ಕಟ್ಟಿಸಿದಂತಾಯಿತು. ಮರುವರ್ಷ ಸೆಪ್ಟೆಂಬರಿನ ಮಧ್ಯಂತರ ಒಪ್ಪಂದದಿಂದ ದಿಗ್ಬಂಧನ ತೆರವಾಯಿತು. ಅದಕ್ಕೆ ಬದಲಾಗಿ, ಗ್ರೀಸಿನ ವೆರ್ಗಿನಾದಲ್ಲಿ ಪ್ರಾಚೀನ ಮ್ಯಾಸಿಡೋನಿಯಾದ ರಾಜರ ಸಮಾಧಿಯಲ್ಲಿ ಸಿಕ್ಕ 16 ಕಿರಣದ ಸೂರ್ಯ ಧ್ವಜದಿಂದ ಇಳಿದು 8 ಕಿರಣದ್ದು ಬಂತು. ಆಮೇಲೂ ಗ್ರೀಸಿಗೆ ಹೊರಟವರ ಪಾಸ್‌ಪೋರ್ಟಿನ ಮೇಲೆ ಮುದ್ರೆ ಬೀಳುತ್ತಿರಲಿಲ್ಲ. ವೀಸಾವನ್ನು ಬೇರೆ ಹಾಳೆಯ ಮೇಲೆ ಕೊಡುತ್ತಿದ್ದರು. ಸ್ವಂತ ದೇಶದ ಹೆಸರಿರುವ ಪುಸ್ತಕವನ್ನು ಕೈಯಲ್ಲಿ ಹಿಡಿದು, ಬಿಡಿ ಕಾಗದವೊಂದನ್ನು ಚಾಚುವವನ ಮನಸ್ಸಿಗೆ ಹೇಗಾಗಿರಬೇಡ!

2008ರಲ್ಲಿ ಗ್ರೀಸಿನ ತಕರಾರಿನಿಂದ ನ್ಯಾಟೊ ಬಾಗಿಲು ಮುಚ್ಚಿತು. 2011ರಲ್ಲಿ ಸ್ಕೋಪಿಯೆಯ ಚೌಕದಲ್ಲಿ ‘ಕುದುರೆಯೇರಿದ ಯೋಧ’ನ ಭಾರಿ ಪ್ರತಿಮೆ ಎದ್ದಿತು. ಅದು ಅಲೆಕ್ಸಾಂಡರನದೆಂದು ನೋಡಿದವರಿಗೆಲ್ಲ ಗೊತ್ತು. ಹಠ ಎರಡೂ ಕಡೆ ಬೆಳೆಯಿತು.

ಗಂಟು ಸಡಿಲಿದ್ದು 2018ರ ಜೂನ್ 17ರಂದು, ಮೂರು ದೇಶ ಹಂಚಿಕೊಂಡ ಪ್ರೆಸ್ಪಾ ಸರೋವರದ ದಂಡೆಯಲ್ಲಿ. ಪ್ರಧಾನಿಗಳಾದ ಮ್ಯಾಸಿಡೋನಿಯಾದ ಜೋರಾನ್ ಜಾಯೆವ್, ಗ್ರೀಸಿನ ಅಲೆಕ್ಸಿಸ್ ತ್ಸಿಪ್ರಾಸ್ ಎದುರಿಗೆ ಒಪ್ಪಂದಕ್ಕೆ ಸಹಿ ಬಿತ್ತು. ದೇಶದ ಹೆಸರಿಗೆ ‘ಉತ್ತರ’ ಸೇರಿತು, ಭಾಷೆ ಮ್ಯಾಸಿಡೋನಿಯನ್ ಆಗಿಯೇ ಉಳಿಯಿತು. ಇಬ್ಬರಿಗೂ ಮನೆಯಲ್ಲಿ ಬೈಗುಳವೇ ಸಿಕ್ಕಿದ್ದು. ಮ್ಯಾಸಿಡೋನಿಯಾದಲ್ಲಿ ಸೆಪ್ಟೆಂಬರಿನ ಜನಮತಗಣನೆಯಲ್ಲಿ ಮತ ಹಾಕಿದವರು ಸುಮಾರು ಶೇ 37 ಮಾತ್ರ; ಸಂಸತ್ತೇ ಹೊಣೆ ಹೊತ್ತು ಸಂವಿಧಾನ ತಿದ್ದಿತು. ನನ್ನ ಮಟ್ಟಿಗೆ ಬಾಲ್ಕನ್‌ನ ಈಚಿನ ಇತಿಹಾಸದಲ್ಲಿ ಇದು ದೊಡ್ಡ ಧೈರ್ಯ. 2020ರ ಮಾರ್ಚ್‌ನಲ್ಲಿ ನ್ಯಾಟೊ ಸದಸ್ಯತ್ವ ಸಿಕ್ಕಿತು.

ಯುರೋಪಿಯನ್ ಒಕ್ಕೂಟದ ಮುಂದೆ ಮಾತ್ರ ಕಾಯುವುದು ತಪ್ಪಲಿಲ್ಲ. 2020ರ ನವೆಂಬರ್‌ನಲ್ಲಿ ಭಾಷೆ, ಇತಿಹಾಸದ ಪ್ರಶ್ನೆ ಎತ್ತಿ ಬಲ್ಗೇರಿಯಾ ತಡೆಯೊಡ್ಡಿತು. 2022ರಿಂದ ಹೊಸ ಷರತ್ತು: ಸಂವಿಧಾನದಲ್ಲಿ ಬಲ್ಗೇರಿಯನ್ನರ ಹೆಸರೂ ಸೇರಬೇಕು. ಜನಗಣತಿಯಲ್ಲಿ ಹಾಗೆ ಬರೆಸಿಕೊಂಡವರು ಸುಮಾರು 3,500. ತಿದ್ದುಪಡಿಗೆ ಮೂರನೇ ಎರಡರಷ್ಟು ಬಹುಮತ ಕೂಡಿಬರಲಿಲ್ಲ. 2005ರಿಂದ ಅಭ್ಯರ್ಥಿಯಾಗಿ ಕಾಯುತ್ತಿರುವ ದೇಶವನ್ನು ಹಿಂದೆ ಬಿಟ್ಟು, 2014ರಲ್ಲಿ ಅಭ್ಯರ್ಥಿಯಾದ ಅಲ್ಬೇನಿಯಾ 2024ರ ಅಕ್ಟೋಬರ್‌ನಲ್ಲಿ ಮುಂದಿನ ಹಂತದ ಮಾತುಕತೆಗೆ ಹೋಯಿತು.