ಬೆಟ್ಟಕ್ಕೂ ಬೇಕು ಕಂಬಳಿಕೊಪ್ಪೆ

ಜೂನ್ ಬಂತೆಂದರೆ ನಮ್ಮ ಮಲೆನಾಡಿನ ಸಾಗರದ ಕಡೆ ಬೋಳುಬೆಟ್ಟದ ಮೇಲೆ ಗುಂಡಿ ತೋಡುವ ಸಂಭ್ರಮ. ಸಸಿ ನೆಡುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಗುಂಡಿಗೆ ಜಾಗ ಬೇಕಲ್ಲ, ಅಲ್ಲೇ ಬೆಳೆದಿದ್ದ ಕೌಳಿ ಮಟ್ಟಿ ಎಂಬ ಮುಳ್ಳುಪೊದೆಯನ್ನು ಸವರಿ ಹಾಕುತ್ತಾರೆ. ನನಗೆ ಸಿಟ್ಟು ಬರುವುದು ಅಲ್ಲಿ.

ಮರ ನೆಟ್ಟರೆ ಮಳೆ ಬರುತ್ತದಂತೆ. ಆಗುಂಬೆಗೆ ವರ್ಷಕ್ಕೆ 7000 ಮಿ.ಮೀ. ಆಸುಪಾಸು ಮಳೆ. ಇನ್ನೆಷ್ಟು ಬರಬೇಕು? ಬಂದದ್ದು ಇಂಗುವುದಿಲ್ಲ, ಅದು ತೊಂದರೆ. ಹಾಗಾಗಿಯೇ ಮಳೆಗಾಲದಲ್ಲಿ ಕೆಂಪಗೆ ಉಕ್ಕುವ ಹಳ್ಳ ಮಾರ್ಚಿನಲ್ಲಿ ಒಣಗಿರುತ್ತದೆ.

ಒಂದು ಹನಿಯ ಕಥೆ ನೋಡಿ. 5 ಮಿ.ಮೀ. ದಪ್ಪದ ಹನಿ ನೆಲಕ್ಕೆ ಬೀಳುವಾಗ ಅದರ ವೇಗ ಸೆಕೆಂಡಿಗೆ ಸುಮಾರು 9 ಮೀಟರ್. ಗಂಟೆಗೆ 30 ಕಿ.ಮೀ. ದಾಟಿತು! ಬರಿ ಮಣ್ಣಿಗೆ ಬಡಿದರೆ ಹೆಂಟೆ ಒಡೆದು, ನುಣ್ಣನೆಯ ಜೇಡಿ ಎದ್ದು, ಮಣ್ಣಿನ ಸಣ್ಣ ತೂತುಗಳಲ್ಲಿ ಕೂತುಬಿಡುತ್ತದೆ. ಅಂಗಳಕ್ಕೆ ಸಗಣಿ ಸಾರಿಸಿದ ಹಾಗೆ. ಇಲ್ಲವೇ ಕಾಫಿ ಫಿಲ್ಟರ್ ನೆನಪಿಸಿಕೊಳ್ಳಿ. ಪುಡಿ ತೀರಾ ನುಣ್ಣಗಾದರೆ ಡಿಕಾಕ್ಷನ್ ಇಳಿಯುವುದೇ ಇಲ್ಲ, ನೀರು ಮೇಲೇ ನಿಂತಿರುತ್ತದೆ. ಫಿಲ್ಟರ್ ಇಳಿಜಾರಿನಲ್ಲಿದ್ದರೆ ನೀರು ನಿಲ್ಲುವುದೂ ಇಲ್ಲ, ಪುಡಿ ಸಮೇತ ಹರಿದು ಹೋಗುತ್ತದೆ.

ಮರ ಇದ್ದರೆ ಹನಿಯನ್ನು ತಡೆಯುತ್ತದೆ ಅಲ್ವಾ? ಪೂರ್ತಿ ಇಲ್ಲ. ಸಾಗುವಾನಿಯ ಅಗಲ ಎಲೆಯ ಮೇಲೆ ಸಣ್ಣ ಹನಿಗಳು ಕೂಡಿ ದಪ್ಪ ಹನಿಯಾಗುತ್ತವೆ. ಹತ್ತು ಮೀಟರ್ ಎತ್ತರದಿಂದ ಉದುರಿದರೂ ಹೆಚ್ಚುಕಡಿಮೆ ಪೂರ್ತಿ ವೇಗ ಸಿಕ್ಕಿಬಿಡುತ್ತದೆ. ಹೆಂಚಿನ ಮನೆಯ ಸೂರಿನ ಕೆಳಗೆ ಸಾಲಾಗಿ ಕುಳಿ ಬಿದ್ದಿರುತ್ತದಲ್ಲ, ಹಾಗೆ. ಬುಡದಲ್ಲಿ ಏನೂ ಇಲ್ಲದಿದ್ದರೆ ಮರವಿದ್ದೂ ಮಣ್ಣು ಹೋಗುತ್ತದೆ.

ಕಾಪಾಡುವುದು ದರಕು, ಅಂದರೆ ಉದುರಿ ಬಿದ್ದ ಒಣಗಿದೆಲೆ. ನಾಟಿಗೆ ಇಳಿದವರ ಬೆನ್ನ ಮೇಲೆ ಕಂಬಳಿಕೊಪ್ಪೆ ಇದ್ದ ಹಾಗೆ ಬೆಟ್ಟದ ಮೇಲೆ ಈ ದರಕು. ಪೆಟ್ಟು ಅದಕ್ಕೆ ಬೀಳುತ್ತದೆ, ನೀರು ಮೆಲ್ಲಗೆ ಕೆಳಗಿಳಿಯುತ್ತದೆ. ಕೊಪ್ಪೆಯಡಿ ಗೆದ್ದಲು, ಎರೆಹುಳು ಕೊರೆದ ದಾರಿಗಳು. ಸತ್ತ ಬೇರು ಕೊಳೆತು ಉಳಿದ ಕೊಳವೆಗಳು. ನೀರಿಗೆ ಇನ್ನೇನು ಬೇಕು?

ಮಣ್ಣು ಹೋದರೆ ಉಳಿಯುವುದು ಜಂಬಿಟ್ಟಿಗೆ ಎಂಬ ಕೆಂಪುಕಲ್ಲು. ಇದಕ್ಕೊಂದು ತಮಾಷೆಯ ಇತಿಹಾಸವಿದೆ. 1801ರಲ್ಲಿ ಇಕ್ಕೇರಿ, ಬಿದನೂರು ನಗರದ ಕಡೆಯೂ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್, ಕೇರಳದವರು ಇಟ್ಟಿಗೆಕಲ್ಲು ಅನ್ನುತ್ತಿದ್ದುದನ್ನೇ ಲ್ಯಾಟಿನ್ನಿಗೆ ತಿರುಗಿಸಿ ‘ಲ್ಯಾಟರೈಟ್’ ಎಂದ. 1807ರ ಅವನ ಪುಸ್ತಕದಿಂದ ಜಗತ್ತಿಗೆಲ್ಲ ಅದೇ ಹೆಸರು. ಕಡಿಯುವಾಗ ಮೆತ್ತಗಿರುವ ಈ ಕಲ್ಲು ಗಾಳಿ ಬಿಸಿಲು ತಾಗಿದರೆ ಗಟ್ಟಿಯಾಗುತ್ತದೆ. ಮನೆ ಗೋಡೆಗೆ ಒಳ್ಳೆಯದು. ಗಿಡದ ಬೇರಿಗೆ ಅಲ್ಲ.

ಆದರೆ ಅದೇ ದರಕು ಕೊಟ್ಟಿಗೆಗೂ ಬೇಕು, ಅಡಿಕೆ ಬುಡಕ್ಕೂ ಬೇಕು. ಬೆಟ್ಟದ ಕೊಪ್ಪೆ ಎಳೆದು ತೋಟಕ್ಕೆ ಹೊದಿಸುವುದೇ ನಮ್ಮ ಕೃಷಿ. ತಪ್ಪೆಂದು ಬೈದು ಪ್ರಯೋಜನವಿಲ್ಲ, ಸರದಿ ಮಾಡಿಕೊಳ್ಳಬೇಕು. ಊರವರು ಕೂತು, ತೋಟಕ್ಕೆ ಸೊಪ್ಪು ದರಕು ತರುವ ಸೊಪ್ಪಿನಬೆಟ್ಟವನ್ನು ಪಾಲು ಮಾಡಿ, ಒಂದು ಪಾಲಿಗೆ ಕೆಲವು ವರ್ಷ ದನವನ್ನೂ ಬಿಡದೆ, ದರಕನ್ನೂ ಗುಡಿಸದೆ ಬಿಡುವುದು. ಸೊಪ್ಪು ಕಡಿಯುವಾಗ ತುದಿ ಉಳಿಸುವುದು. ಬೇಸಿಗೆಗೆ ಮೊದಲು, ಬೆಂಕಿ ದಾಟದ ಹಾಗೆ ಬೆಂಕಿಗೆರೆ ಸವರುವುದು. ಇದನ್ನು ಮೇಲಿನಿಂದ ಆದೇಶ ಕಳಿಸಿ ಮಾಡಿಸಲಾಗದು. ಯಾರ ಮನೆಯ ದನ ಎಲ್ಲಿ ನುಗ್ಗುತ್ತದೆ ಎನ್ನುವುದು ಊರಿಗೆ ಮಾತ್ರ ಗೊತ್ತು.

ಹಾಗೆ ಸುಮ್ನೆ ಬಿಟ್ಟ ಕಡೆ ಕಡಿದ ಬೊಡ್ಡೆಯಿಂದಲೇ ಮತ್ತಿ, ಕೌಲು ಚಿಗುರುತ್ತವೆ. ಬೇರು ಹಳೆಯದು, ಹಾಗಾಗಿ ನರ್ಸರಿ ಸಸಿಗಿಂತ ಜೋರು. ನಮ್ಮ ಮನೆ ಹಿಂದಿನ ಬೆಟ್ಟದಲ್ಲಿ ಒಂದು ಕೌಳಿ ಮಟ್ಟಿ ಹೇಗೋ ಸವರುವವರ ಕತ್ತಿಯಿಂದ ತಪ್ಪಿಸಿಕೊಂಡಿದೆ. ಅದರ ಮೇಲೆ ದಿನಾ ಪಿಕಳಾರ ಹಕ್ಕಿಗಳ ಗಲಾಟೆ. ಮೊನ್ನೆ ಮುಳ್ಳು ಸರಿಸಿ ನೋಡಿದೆ. ಕೈ ಗೀರಿತು. ಒಳಗೆ, ದನದ ಬಾಯಿಗೆ ಎಟುಕದಲ್ಲಿ, ಎರಡು ನೇರಳೆ ಸಸಿ ಮೊಣಕಾಲೆತ್ತರಕ್ಕೆ ನಿಂತಿದ್ದವು. ಯಾರೂ ನೆಟ್ಟಿದ್ದಲ್ಲ.