ಏರ್ ಶೋದಲ್ಲಿ ಜನ ಎಲ್ಲಿ ನಿಲ್ಲಬೇಕು? ಒಂದು ಗೆರೆಯ ಹಿನ್ನೆಲೆ

2025ರ ನವೆಂಬರ್ 21ರಂದು ದುಬೈ ಏರ್ ಶೋದಲ್ಲಿ ನಮ್ಮ ತೇಜಸ್ ವಿಮಾನ ಬಿತ್ತು. ವಿಂಗ್ ಕಮಾಂಡರ್ ನಮಾಂಶ್ ಸ್ಯಾಲ್ ತೀರಿಕೊಂಡರು. ಬೆಳಗಾವಿಯ ಚಹಾ ಅಂಗಡಿಗಳಲ್ಲೂ ಮೊಬೈಲ್ ಹಿಡಿದು ಅದೇ ವಿಡಿಯೋ ನೋಡಿದವರು ಎಷ್ಟೋ ಜನ. ವಿಮಾನ ಯಾಕೆ ಬಿತ್ತು ಅನ್ನುವುದರ ಬಗ್ಗೆ ಸಾಕಷ್ಟು ಚರ್ಚೆ ನಡೆಯಿತು. ಆದರೆ ಅಷ್ಟು ದೊಡ್ಡ ಬೆಂಕಿಯುಂಡೆ ಎದ್ದರೂ ನೋಡಲು ಬಂದವರು ಸುರಕ್ಷಿತವಾಗಿ ಉಳಿದದ್ದು ಹೇಗೆ?

ಅದಕ್ಕೆ ಕಾರಣ ನೆಲದ ಮೇಲಿನ ಒಂದು ಗೆರೆ. ಏರ್ ಶೋ ನಡೆಸುವವರು ಅದನ್ನು ಡಿಸ್‌ಪ್ಲೇ ಲೈನ್ ಅನ್ನುತ್ತಾರೆ. ಸಾಮಾನ್ಯವಾಗಿ ಅದು ರನ್‌ವೇಗೆ ಸಮಾನಾಂತರವಾಗಿ ಇರುತ್ತದೆ. ಪೈಲಟ್ ಏನೇ ಕಸರತ್ತು ಮಾಡಲಿ, ಗೆರೆಯ ಆಚೆಗೇ ಮಾಡಬೇಕು. ಜಾತ್ರೆಯಲ್ಲಿ ತೇರಿನ ಗಾಲಿಯ ಹತ್ತಿರ ಜನರನ್ನು ಬಿಡುವುದಿಲ್ಲ ಅಲ್ವಾ, ಹಾಗೆಯೇ. ಈ ಗೆರೆ ಮೊದಲಿನಿಂದ ಇರಲಿಲ್ಲ. ಒಂದೊಂದು ಅಪಘಾತ ಆದಾಗಲೂ ಅದು ಒಂದಿಷ್ಟು ಹಿಂದೆ ಸರಿದಿದೆ.

ಮೊದಲ ದೊಡ್ಡ ವೈಮಾನಿಕ ಮೇಳ ನಡೆದದ್ದು ಫ್ರಾನ್ಸಿನ ರೀಮ್ಸ್‌ನಲ್ಲಿ, 1909ರ ಆಗಸ್ಟ್‌ನಲ್ಲಿ. ಲೂಯಿ ಬ್ಲೇರಿಯೊ ಇಂಗ್ಲಿಷ್ ಕಡಲ್ಗಾಲುವೆ ದಾಟಿ ಆಗ ಒಂದು ತಿಂಗಳಾಗಿತ್ತು ಅಷ್ಟೆ. ಲಕ್ಷಾಂತರ ಜನ ಸೇರಿದರು. ಗೆದ್ದ ಗ್ಲೆನ್ ಕರ್ಟಿಸ್ ಅವರ ವೇಗ ಗಂಟೆಗೆ ಸುಮಾರು 75 ಕಿಲೋಮೀಟರ್. ಇಂದು ನಮ್ಮ ಹೆದ್ದಾರಿಯಲ್ಲಿ ಬಸ್ಸೂ ಅದಕ್ಕಿಂತ ಜೋರಾಗಿ ಓಡುತ್ತದೆ. ಆ ವೇಗಕ್ಕೆ ಹೆದರಬೇಕು ಅಂತ ಯಾರಿಗೂ ಅನ್ನಿಸಲಿಲ್ಲ.

ಹೆದರಿಕೆ ಬರಲು ಎರಡು ವರ್ಷ ಸಾಕಾಯಿತು. 1911ರ ಮೇ 21ರಂದು ಪ್ಯಾರಿಸ್‌ನಿಂದ ಮ್ಯಾಡ್ರಿಡ್‌ಗೆ ವಿಮಾನ ಪಂದ್ಯ ಇತ್ತು. ಜನ ಮೈದಾನದೊಳಗೇ ಓಡಾಡುತ್ತಿದ್ದರು. ಒಂದು ವಿಮಾನ ಇಳಿಯಲು ಬಂದಾಗ ಎದುರಿಗೆ ಕುದುರೆ ಸವಾರರ ದಳ ಸಿಕ್ಕಿತು. ಅವರನ್ನು ತಪ್ಪಿಸಲು ಹೋಗಿ ಅದು ಗಣ್ಯರ ಗುಂಪಿಗೇ ನುಗ್ಗಿತು. ಫ್ರಾನ್ಸಿನ ಯುದ್ಧ ಮಂತ್ರಿ ಮೋರಿಸ್ ಬೆರ್ಟೊ ಸತ್ತರು. ಪ್ರಧಾನಿಯೂ ಗಾಯಗೊಂಡರು. ಮಂತ್ರಿಯೇ ಸತ್ತ ಮೇಲೂ ಜನರನ್ನು ದೂರ ಇಡುವ ಗಟ್ಟಿ ನಿಯಮ ಎಲ್ಲ ಕಡೆ ಬರಲು ಇನ್ನೂ ನಲವತ್ತು ವರ್ಷ ಹಿಡಿಯಿತು ಅನ್ನುವುದು ನನಗೆ ಈ ಇತಿಹಾಸದಲ್ಲಿ ಅತಿ ವಿಚಿತ್ರವಾಗಿ ಕಾಣುತ್ತದೆ.

ಆ ನಡುವಿನ ಕಾಲ ಒಂಟಿ ಸಾಹಸಿಗಳದ್ದು. 1913ರ ಸೆಪ್ಟೆಂಬರ್‌ನಲ್ಲಿ ಕೀವ್ ನಗರದ ಮೇಲೆ ಪ್ಯೋತ್ರ್ ನೆಸ್ತೆರೊವ್ ವಿಮಾನದಲ್ಲೇ ಪೂರ್ತಿ ಒಂದು ಲಾಗ ಹಾಕಿದರು. ಜಗತ್ತಿನ ಮೊದಲ ಲೂಪ್ ಅದು. ಬಹುಮಾನ ಸಿಗಲಿಲ್ಲ, ಸರ್ಕಾರಿ ಆಸ್ತಿಯನ್ನು ಅಪಾಯಕ್ಕೆ ಒಡ್ಡಿದ್ದಕ್ಕೆ ಹತ್ತು ದಿನ ಬಂಧನದ ಶಿಕ್ಷೆ ಸಿಕ್ಕಿತು. ಆಮೇಲೆ ಬಡ್ತಿ ಕೊಟ್ಟರು, ಆ ಮಾತು ಬೇರೆ. ಅದೇ ತಿಂಗಳು ಫ್ರಾನ್ಸಿನ ಅಡಾಲ್ಫ್ ಪೆಗೂ ಕೂಡ ಲೂಪ್ ಮಾಡಿದರು. ಅಮೆರಿಕದಲ್ಲಿ ಲಿಂಕನ್ ಬೀಚಿ ಅದನ್ನೇ ದೊಡ್ಡ ತಮಾಷೆಯಾಗಿಸಿ ಊರೂರು ಸುತ್ತಿದರು. 1915ರ ಮಾರ್ಚ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜನರ ಕಣ್ಣೆದುರೇ ರೆಕ್ಕೆ ಮುರಿದು ಕೊಲ್ಲಿಗೆ ಬಿದ್ದು ಸತ್ತರು. ಮೊದಲ ಮಹಾಯುದ್ಧ ಮುಗಿದ ಮೇಲೆ ಸೇನೆಯ ಹಳೇ ವಿಮಾನಗಳು ಅಗ್ಗಕ್ಕೆ ಸಿಕ್ಕವು. ಹೊಲದಲ್ಲಿ ಇಳಿಯುವುದು, ಕಾಸು ತೆಗೆದುಕೊಂಡು ಜನರನ್ನು ಒಂದು ಸುತ್ತು ಹಾರಿಸುವುದು, ಮುಂದಿನ ಊರಿಗೆ ಹೋಗುವುದು. ಬೆಸ್ಸಿ ಕೋಲ್‌ಮನ್ ಈ ಪೀಳಿಗೆಯವರು. ಕಪ್ಪು ಮಹಿಳೆ ಅನ್ನುವ ಕಾರಣಕ್ಕೆ ಅಮೆರಿಕದಲ್ಲಿ ಯಾರೂ ಕಲಿಸದಿದ್ದಾಗ ಫ್ರಾನ್ಸಿಗೆ ಹೋಗಿ 1921ರಲ್ಲಿ ಲೈಸೆನ್ಸ್ ಪಡೆದರು. 1926ರಲ್ಲಿ ಪ್ರದರ್ಶನದ ತಯಾರಿಯಲ್ಲೇ ಪ್ರಾಣ ಬಿಟ್ಟರು. ಅದೇ ವರ್ಷ ಅಮೆರಿಕ ವಿಮಾನ ಕಾಯ್ದೆ ತಂದಿತು. ಹೊಲದಿಂದ ಹೊಲಕ್ಕೆ ಹಾರುವ ಆಟ ನಿಧಾನವಾಗಿ ನಿಂತಿತು.

ಗೆರೆಯನ್ನು ನಿಜವಾಗಿ ಎಳೆದದ್ದು ಬ್ರಿಟನ್ನಿನ ಫಾರ್ನ್‌ಬರೋ ಏರ್ ಶೋ. 1952ರ ಸೆಪ್ಟೆಂಬರ್ 6ರಂದು ಪೈಲಟ್ ಜಾನ್ ಡೆರಿ ಮತ್ತು ಪರೀಕ್ಷಾ ವೀಕ್ಷಕ ಟೋನಿ ರಿಚರ್ಡ್ಸ್ ಇದ್ದ ಜೆಟ್ ಪ್ರೇಕ್ಷಕರ ಕಡೆಗೆ ತಿರುಗುವಾಗ ಗಾಳಿಯಲ್ಲೇ ಚೂರಾಯಿತು. ಎಂಜಿನ್ ಜನರ ಮೇಲೆ ಬಿತ್ತು. ಅವರಿಬ್ಬರ ಜೊತೆ 29 ಪ್ರೇಕ್ಷಕರು ಸತ್ತರು. ವಿಮಾನ ಒಡೆದರೂ ಅದರ ಚೂರುಗಳು ಅದೇ ವೇಗದಲ್ಲಿ, ಅದೇ ದಿಕ್ಕಿನಲ್ಲಿ ಹೋಗುತ್ತವೆ ಅನ್ನುವುದು ಅಂದು ಎಲ್ಲರಿಗೂ ಅರ್ಥವಾಯಿತು. ನಂತರದ ನಿಯಮ ಹೀಗಿತ್ತು: ನೇರ ಹಾರುವ ಜೆಟ್ ಜನರಿಂದ 230 ಮೀಟರ್ ದೂರ, ಕಸರತ್ತು ಮಾಡುವುದು 450 ಮೀಟರ್ ದೂರ, ಎತ್ತರ 500 ಅಡಿಗಿಂತ ಕಡಿಮೆ ಆಗುವಂತಿಲ್ಲ.

ಬೇರೆ ದೇಶಗಳು ಇದನ್ನು ತಮ್ಮ ನೆಲದಲ್ಲಿ ಹೆಣ ಬಿದ್ದ ಮೇಲೆ ಕಲಿತವು. 1988ರಲ್ಲಿ ಜರ್ಮನಿಯ ರಾಮ್‌ಸ್ಟೈನ್‌ನಲ್ಲಿ ಇಟಲಿಯ ತಂಡ ಆಕಾಶದಲ್ಲಿ ಹೃದಯದ ಆಕಾರ ಬರೆಯುತ್ತಿತ್ತು. ಅದನ್ನು ಸೀಳಿಕೊಂಡು ಜನರ ಕಡೆಗೇ ಬರಬೇಕಾದ ಒಂಟಿ ವಿಮಾನ ಉಳಿದವಕ್ಕೆ ಡಿಕ್ಕಿ ಹೊಡೆಯಿತು. ಸತ್ತವರು 70. 2002ರಲ್ಲಿ ಉಕ್ರೇನಿನ ಸ್ಕ್ನಿಲಿವ್‌ನಲ್ಲಿ ಸುಖೋಯ್ ಜನರ ನಡುವೆಯೇ ಬಿತ್ತು. 77 ಜನ ಸತ್ತರು, ಪೈಲಟ್‌ಗಳಿಬ್ಬರೂ ಬದುಕಿ ಜೈಲಿಗೆ ಹೋದರು.

ಬ್ರಿಟನ್ನಿನಲ್ಲಿ ಮಾತ್ರ 1952ರ ನಂತರ 63 ವರ್ಷ ಏರ್ ಶೋದಲ್ಲಿ ಸಾರ್ವಜನಿಕರ ಜೀವ ಹೋಗಲಿಲ್ಲ. ಗೆರೆ ಗೆದ್ದಿತು ಅಂತಲೇ ಎಲ್ಲರೂ ಅಂದುಕೊಂಡಿದ್ದರು. 2015ರ ಆಗಸ್ಟ್ 22ರಂದು ಶೋರ್‌ಹ್ಯಾಮ್‌ನಲ್ಲಿ ಒಂದು ಹಳೇ ಹಂಟರ್ ವಿಮಾನ ಲೂಪ್‌ಗೆ ಏರಿತು. ಲೂಪ್‌ನ ತುದಿಯಲ್ಲಿ ಕನಿಷ್ಠ 3,500 ಅಡಿ ಎತ್ತರ ಇರಬೇಕಿತ್ತು. ಇದ್ದದ್ದು ಸುಮಾರು 2,700 ಅಡಿ. ಅಲ್ಲಿಂದ ಕೆಳಗೆ ತಿರುಗಿದರೆ ನೆಲ ಬರುವಷ್ಟರಲ್ಲಿ ಮೇಲೇಳಲು ಜಾಗವೇ ಇರುವುದಿಲ್ಲ. ಟಿಕೆಟ್ ಕೊಂಡು ಮೈದಾನದೊಳಗೆ ನಿಂತವರಿಗೆ ಏನೂ ಆಗಲಿಲ್ಲ. ವಿಮಾನ ಬಿದ್ದದ್ದು ಹೊರಗಿನ ಹೆದ್ದಾರಿಯ ಮೇಲೆ. 11 ಜನ ಸತ್ತರು. ಅವರಲ್ಲಿ ಕೆಲವರು ಸುಮ್ನೆ ತಮ್ಮ ಪಾಡಿಗೆ ದಾರಿಯಲ್ಲಿ ಹೊರಟವರು.

ಅಂದರೆ ಗೆರೆ ಒಳಗಿನವರನ್ನು ಕಾಯಿತು, ಅಪಾಯ ಬೇಲಿ ಹಾರಿ ಹೊರಗೆ ಬಂತು. ನಮ್ಮ ದೇಶದ ಅನುಭವವೂ ಇದನ್ನೇ ಹೇಳುತ್ತದೆ.

ನಮ್ಮಲ್ಲಿ ಈ ಕಥೆಯ ದೊಡ್ಡ ಪಾಲು ಕರ್ನಾಟಕದ್ದೇ. 1982ರಲ್ಲಿ ವಾಯುಪಡೆ ಹಂಟರ್ ವಿಮಾನಗಳ ಥಂಡರ್‌ಬೋಲ್ಟ್ಸ್ ತಂಡ ಕಟ್ಟಿತು. 1996ರಲ್ಲಿ ಬೀದರ್‌ನಲ್ಲಿ ಸೂರ್ಯಕಿರಣ್ ತಂಡ ಹುಟ್ಟಿತು. ಹಾರಿಸಿದ್ದು ಬೆಂಗಳೂರಿನ ಎಚ್‌ಎಎಲ್ ಮಾಡಿದ ಕಿರಣ್ ವಿಮಾನ. 2011ರಲ್ಲಿ ಆ ವಿಮಾನಗಳು ತರಬೇತಿಗೆ ಬೇಕಾದವು ಅಂತ ತಂಡ ನಿಂತಿತು. 2015ರಲ್ಲಿ ಹಾಕ್ ವಿಮಾನಗಳೊಂದಿಗೆ ಮತ್ತೆ ಎದ್ದಿತು. ಹೆಲಿಕಾಪ್ಟರ್‌ಗಳ ಸಾರಂಗ್ ತಂಡವೂ ಬೆಂಗಳೂರಿನಲ್ಲೇ ಹುಟ್ಟಿದ್ದು.

2010ರ ಮಾರ್ಚ್‌ನಲ್ಲಿ ಹೈದರಾಬಾದ್‌ನ ಬೇಗಂಪೇಟೆಯಲ್ಲಿ ನೌಕಾಪಡೆಯ ಸಾಗರ್ ಪವನ್ ತಂಡದ ಕಿರಣ್ ವಿಮಾನ ಮೈದಾನದ ಹೊರಗಿನ ಕಟ್ಟಡದ ಮೇಲೆ ಬಿತ್ತು, ಇಬ್ಬರು ಪೈಲಟ್‌ಗಳು ಸತ್ತರು. 2019ರ ಫೆಬ್ರವರಿ 19ರಂದು, ಏರೋ ಇಂಡಿಯಾದ ಹಿಂದಿನ ದಿನ, ಯಲಹಂಕದ ಮೇಲೆ ಎರಡು ಹಾಕ್‌ಗಳು ಡಿಕ್ಕಿಯಾದವು. ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ತೀರಿಕೊಂಡರು. ಅವಶೇಷ ಬಿದ್ದದ್ದು ಮನೆಗಳ ಹತ್ತಿರ. 2024ರ ಅಕ್ಟೋಬರ್ 6ರಂದು ಚೆನ್ನೈನ ಮರೀನಾ ಬೀಚ್‌ನ ಏರ್ ಶೋದಲ್ಲಿ ಯಾವ ವಿಮಾನವೂ ಬೀಳಲಿಲ್ಲ. ಆದರೂ ಬಿಸಿಲು, ನೂಕುನುಗ್ಗಲಿನ ನಡುವೆ ಐದು ಜನರ ಜೀವ ಹೋಯಿತು.

ಇದನ್ನೆಲ್ಲ ಹುಡುಕುವಾಗ ಒಂದು ತೊಡಕು ಎದುರಾಗುತ್ತದೆ. ಅಪಘಾತವಾದರೆ ತನಿಖಾ ವರದಿ ಇರುತ್ತದೆ, ಅಡಿ ಲೆಕ್ಕ, ಸೆಕೆಂಡ್ ಲೆಕ್ಕ ಎಲ್ಲ ಸಿಗುತ್ತದೆ. ಚೆನ್ನಾಗಿ ಮುಗಿದ ಪ್ರದರ್ಶನಕ್ಕೆ ಅಂಥ ದಾಖಲೆ ಸಿಗುವುದು ಕಷ್ಟ. ಪತ್ರಿಕೆಗಳು ತಂಡದ ಹೆಸರು ಹಾಕುತ್ತವೆ, ಪೈಲಟ್ ಹೆಸರು ಬಿಡುತ್ತವೆ. ಅದು ಸಿಗಬೇಕಾದರೆ ಪೈಲಟ್‌ನ ಲಾಗ್‌ಬುಕ್ಕೇ ಬೇಕು. ವಿಮಾನ ಸಜ್ಜು ಮಾಡಿ ಕಳಿಸಿದ ಕೆಳಗಿನ ಸಿಬ್ಬಂದಿಯ ಹೆಸರಂತೂ ಇನ್ನೂ ಅಪರೂಪ. ಅಂಥ ಏರ್‌ಮೆನ್‌ಗಳಿಗೆ ಮೊದಲ ಪಾಠ ಹೇಳುವ ತರಬೇತಿ ಶಾಲೆ ಬೆಳಗಾವಿ ಹತ್ತಿರದ ನಮ್ಮ ಸಾಂಬ್ರಾದಲ್ಲೇ ಇದೆ.

ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆಯ ಹಳೇ ಹಾರಾಟದ ಕಥೆ ಹುಡುಕುವವರು ಬೆಂಗಳೂರಿನಲ್ಲಿ ಜಾಸ್ತಿ ಹೊತ್ತು ಕಳೆಯಬೇಡಿ. 1956ರವರೆಗೆ ಈ ಭಾಗ ಮುಂಬೈ ಆಡಳಿತದಲ್ಲಿತ್ತು. ಕಾಗದಪತ್ರ ಮುಂಬೈ, ಪುಣೆ ಕಡೆ, ಅದರಲ್ಲೂ ಮರಾಠಿ ಮತ್ತು ಇಂಗ್ಲಿಷ್ ಪತ್ರಿಕೆಗಳ ಹಳೇ ಸಂಚಿಕೆಗಳಲ್ಲಿ ಸಿಗುವ ಸಾಧ್ಯತೆ ಹೆಚ್ಚು.

ಸಾಂಬ್ರಾದಲ್ಲಿ ಮುಂದೆ ದೊಡ್ಡ ಏರ್ ಶೋ ನಡೆದರೆ ಎರಡು ವಿಷಯ ಗಮನಿಸಬೇಕು. ಒಂದು, ಎತ್ತರ. ಬೆಳಗಾವಿ ಸಮುದ್ರ ಮಟ್ಟಕ್ಕಿಂತ ಸುಮಾರು 750 ಮೀಟರ್ ಮೇಲಿದೆ. 2003ರಲ್ಲಿ ಅಮೆರಿಕದ ಮೌಂಟನ್ ಹೋಮ್‌ನಲ್ಲಿ ಥಂಡರ್‌ಬರ್ಡ್ಸ್ ತಂಡದ ಪೈಲಟ್ ತನ್ನ ತಗ್ಗಿನ ನೆಲೆಯ ಲೆಕ್ಕವನ್ನೇ ಎತ್ತರದ ಊರಿಗೂ ಹಾಕಿದರು. 2,500 ಅಡಿ ಏರಬೇಕಾದಲ್ಲಿ 1,670 ಅಡಿಗೇ ತಿರುಗಿಸಿದರು. ವಿಮಾನ ಹೋಯಿತು, ಅವರು ಕೊನೇ ಗಳಿಗೆಯಲ್ಲಿ ಹೊರಗೆ ಹಾರಿ ಬದುಕಿದರು. ಇನ್ನೊಂದು, ರಸ್ತೆ. ವಿಮಾನ ನಿಲ್ದಾಣದ ಹತ್ತಿರವೇ ಬೆಳಗಾವಿ–ಬಾಗಲಕೋಟೆ ರಸ್ತೆ ಇದೆ, ಸುತ್ತ ಹೊಲಗಳಿವೆ. ಪಾಸ್ ಸಿಗದವರು ಬೈಕ್ ನಿಲ್ಲಿಸಿ ನೋಡುವುದು ಅಲ್ಲಿಯೇ. ಶೋರ್‌ಹ್ಯಾಮ್ ನಂತರ ಬ್ರಿಟನ್ನಿನ ನಿಯಮಗಳು ಮೈದಾನದ ಹೊರಗೆ ಸೇರುವ ಜನರನ್ನೂ ಲೆಕ್ಕಕ್ಕೆ ತೆಗೆದುಕೊಂಡವು. ಇಲ್ಲಿಯೂ ರಸ್ತೆ ಎಷ್ಟು ಹೊತ್ತು ಮುಚ್ಚುತ್ತಾರೆ, ಹೊಲದ ಬದುವಿನ ಮೇಲೆ ನಿಂತವರನ್ನು ಯಾರು ನೋಡಿಕೊಳ್ಳುತ್ತಾರೆ, ನೀರು ಮತ್ತು ನೆರಳು ಎಲ್ಲಿ ಅನ್ನುವುದನ್ನು ಜಿಲ್ಲಾಡಳಿತ ಪಾಸ್ ಹಂಚುವ ಮೊದಲೇ ಹೇಳಬೇಕಾಗುತ್ತದೆ.