ವೈರಸ್ ಹೋದ ಮೇಲೂ ಉಳಿಯುವ ಗುರುತು

ಕೋಲಾರದ ಟೊಮ್ಯಾಟೊ ಮಂಡಿಗೆ ಹೋದವರು ನೋಡಿರುತ್ತೀರಿ, ಕ್ರೇಟ್‌ಗಳ ಮೇಲೆ ಪೇಂಟಲ್ಲಿ ಅಕ್ಷರ ಬರೆದಿರುತ್ತಾರೆ. ಹಣ್ಣು ಲಾರಿ ಹತ್ತಿ ಹೋದರೂ ಖಾಲಿ ಕ್ರೇಟ್ ನೋಡಿ ಯಾವ ಮಂಡಿಯ ಮಾಲು ಅಂತ ಹೇಳಬಹುದು. ಸೋಂಕು ಎದುರಿಸಲು ಮೈ ತಯಾರಿಸುವ ಪ್ರೋಟೀನ್ ಆಂಟಿಬಾಡಿ, ರಕ್ತದಲ್ಲಿರುವ ಅದೂ ಹಾಗೇ. ವೈರಸ್ ಜಾಗ ಖಾಲಿ ಮಾಡಿದ ಮೇಲೂ ಗುರುತು ಉಳಿದಿರುತ್ತದೆ.

ನಮ್ಮ ಕಡೆಗೆ ಈ ಗುರುತು ಹುಡುಕುವ ಕೆಲಸ ಹೊಸದಲ್ಲ. 1955ರಲ್ಲಿ ಪಕ್ಕದ ವೆಲ್ಲೂರಿನಲ್ಲಿ ಜಪಾನೀಸ್ ಎನ್ಸೆಫಲೈಟಿಸ್ (ಜೆಇ), ಅಂದರೆ ನಾವು ಮೆದುಳು ಜ್ವರ ಅನ್ನೋದು, ದೇಶದಲ್ಲೇ ಮೊದಲು ಪತ್ತೆಯಾಯಿತು. 1980ರ ದಶಕದಲ್ಲಿ, ಚಿಕ್ಕಬಳ್ಳಾಪುರ ಇನ್ನೂ ಕೋಲಾರ ಜಿಲ್ಲೆಯೊಳಗೇ ಇದ್ದಾಗ, ಇಲ್ಲಿನ ಆಸ್ಪತ್ರೆಗಳಲ್ಲಿ ಇದರ ಮೇಲೆ ಕಣ್ಣಿಟ್ಟು ಅಧ್ಯಯನ ಮಾಡಿದ್ದರು. ವೈರಸ್ ಬರುವ ದಾರಿ ಇದು: ಕೊಕ್ಕರೆ, ಹಂದಿ, ಗದ್ದೆ ನೀರಿನ ಸೊಳ್ಳೆ, ಆಮೇಲೆ ಮಗು. ಜ್ವರ, ಫಿಟ್ಸ್ ಅಂತ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡುವ ಹೊತ್ತಿಗೆ ರಕ್ತದಲ್ಲಿ ವೈರಸ್ ಸಿಗೋದೇ ಕಷ್ಟ. ಆಗಿನ ಪರೀಕ್ಷೆಗೆ ವಾರಗಳ ಅಂತರದಲ್ಲಿ ಎರಡು ಸಲ ರಕ್ತ ಬೇಕಿತ್ತು. ಉತ್ತರ ಬರುವಷ್ಟರಲ್ಲಿ ಮಗುವಿನ ಕಥೆ ಏನಾಗಿರುತ್ತಿತ್ತೋ!

ಆಮೇಲೆ ಐಜಿಎಂ ಎಲೈಸಾ ಬಂತು, ಸೋಂಕಾದಾಗ ಮೊದಲು ಹುಟ್ಟುವ ಐಜಿಎಂ ಎಂಬ ಆಂಟಿಬಾಡಿ ಹುಡುಕುವ ಪರೀಕ್ಷೆ. ಒಂದೇ ಸ್ಯಾಂಪಲ್ ಸಾಕು, ಈಗಿನ ಸೋಂಕು ಅಂತ ಗೊತ್ತಾಗುತ್ತದೆ. ಆದರೆ ಡೆಂಗಿಯೂ ಇದೇ ವೈರಸ್ ಕುಟುಂಬದ್ದು, ಒಂದರ ಆಂಟಿಬಾಡಿ ಇನ್ನೊಂದರ ಕಿಟ್‌ಗೆ ಅಂಟಿ ದಾರಿ ತಪ್ಪಿಸುತ್ತದೆ. ಇನ್ನೊಂದು ದೊಡ್ಡ ತೊಂದರೆ, ಇದು ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತದೆ. ಗೋರಖ್‌ಪುರದಲ್ಲಿ ವರ್ಷಗಟ್ಟಲೆ ಮಕ್ಕಳು ಸತ್ತರು, ಜೆಇ ನೆಗೆಟಿವ್ ಬಂದವರಿಗೆ ಏನು ಅಂತಲೇ ಗೊತ್ತಿರಲಿಲ್ಲ. ಕೊನೆಗೆ ಹಲವರಲ್ಲಿ, ಸಣ್ಣ ಹುಳು ಕಚ್ಚಿ ಬರುವ ಬ್ಯಾಕ್ಟೀರಿಯಾ ಜ್ವರವಾದ ಸ್ಕ್ರಬ್ ಟೈಫಸ್‌ನ ಐಜಿಎಂ ಸಿಕ್ಕಿತು. ಬೇಗ ಕೊಟ್ಟರೆ ಡಾಕ್ಸಿಸೈಕ್ಲಿನ್ ಮಾತ್ರೆಗೆ ಬಗ್ಗುವ ಕಾಯಿಲೆ ಅದು. ನನಗೆ ಹೊಟ್ಟೆ ಉರಿಯುವುದು ಇಲ್ಲೇ.

ಎಲ್ಲವನ್ನೂ ಒಟ್ಟಿಗೆ ಕೇಳುವ ದಾರಿ 2015ರಲ್ಲಿ ಬಂತು. ಹಾರ್ವರ್ಡ್‌ನ ಸ್ಟೀಫನ್ ಎಲೆಡ್ಜ್ ತಂಡದ ವೈರ್‌ಸ್ಕ್ಯಾನ್, ಒಂದು ಹನಿ ರಕ್ತದಲ್ಲಿ 206 ಬಗೆಯ ವೈರಸ್‌ಗಳ ಗುರುತು ಹುಡುಕುತ್ತದೆ. ಬ್ಯಾಕ್ಟೀರಿಯಾ ತಿನ್ನುವ ಫೇಜ್ ಎಂಬ ವೈರಸ್‌ಗಳ ಮೈಮೇಲೆ ಬೇರೆ ಬೇರೆ ವೈರಸ್‌ಗಳ ಪ್ರೋಟೀನ್ ಚೂರು ಕೂರಿಸಿ, ಯಾವುದಕ್ಕೆ ಆಂಟಿಬಾಡಿ ಅಂಟಿತು ಅಂತ ಡಿಎನ್‌ಎ ಓದಿ ತಿಳಿಯುತ್ತಾರೆ. ಅಮೆರಿಕದಲ್ಲಿ 2014ರಿಂದ ಮಕ್ಕಳ ಕೈಕಾಲು ಇದ್ದಕ್ಕಿದ್ದಂತೆ ಸೋಲುತ್ತಿತ್ತು, ಬೆನ್ನಿನ ನೀರಿನಲ್ಲಿ (ಮೆದುಳು, ಬೆನ್ನುಹುರಿಯ ಸುತ್ತ ಇರುವ ದ್ರವ) ವೈರಸ್ ಸಿಗುತ್ತಿದ್ದದ್ದು ಅಪರೂಪ. 2019ರಲ್ಲಿ ಇದೇ ವಿಧಾನದಿಂದ 42 ಮಕ್ಕಳ ಬೆನ್ನಿನ ನೀರು ನೋಡಿದಾಗ ಸುಮಾರು 70% ಮಕ್ಕಳಲ್ಲಿ ಎಂಟರೋವೈರಸ್ ವಿರುದ್ಧದ ಆಂಟಿಬಾಡಿ ಇತ್ತು. ಪೋಲಿಯೋದ ಬಂಧು ಅದು.

ಹಾಗಂತ ಗುರುತು ಸಿಕ್ಕಿದ್ದೆಲ್ಲ ಅಪರಾಧಿ ಅಲ್ಲ. ರಕ್ತದಲ್ಲಿ ಹತ್ತು ವರ್ಷದ ಹಿಂದಿನ ಸೋಂಕಿನದ್ದೂ ಇರುತ್ತದೆ, ಅಲ್ವಾ? ಮೆದುಳಿನ ಹತ್ತಿರದ ಗುರುತು ತೋರಿಸುವುದು ಬೆನ್ನಿನ ನೀರು, ಅದಕ್ಕೇ ಅದಕ್ಕೆ ಬೆಲೆ ಜಾಸ್ತಿ.

ವೈರ್‌ಸ್ಕ್ಯಾನ್ ಇನ್ನೂ ಸಂಶೋಧನಾ ಲ್ಯಾಬ್‌ಗಳದ್ದು. ಜೆಇ ಅನುಮಾನ ಬಂದರೆ ಇಲ್ಲಿ ಮಾಡುವುದು ಎಲೈಸಾನೇ. ಬೆನ್ನಿಗೆ ಸೂಜಿ ಹಾಕಿದರೆ ಕಾಲು ಹೋಗುತ್ತೆ ಅಂತ ಹಳ್ಳಿಯಲ್ಲಿ ಈಗಲೂ ಹೆದರುತ್ತಾರೆ, ಹಾಗೇನೂ ಆಗಲ್ಲ. ಕಾಯಿಲೆಯ ಮೊದಲ ಎರಡು ಮೂರು ದಿನದಲ್ಲಿ ತೆಗೆದ ಸ್ಯಾಂಪಲ್ ನೆಗೆಟಿವ್ ಬಂದರೆ, ವಾರ ಬಿಟ್ಟು ಇನ್ನೊಮ್ಮೆ ನೋಡಬೇಕಾ ಅಂತ ಡಾಕ್ಟರನ್ನು ಕೇಳಿ.